ಚರ್ಚಿನ ಗಾಸ್ಪೆಲ್ ಹಾಡು ಅಮೆರಿಕದಲ್ಲಿ ಬೇಸಿಗೆಯ ಬಯಲು ಹಬ್ಬವಾದದ್ದು ಹೇಗೆ?

ಗಾಸ್ಪೆಲ್ ಅಂದ್ರೆ ಆಫ್ರಿಕನ್ ಅಮೆರಿಕನ್ನರ ಚರ್ಚುಗಳಲ್ಲಿ ಬೆಳೆದ ಭಕ್ತಿ ಸಂಗೀತ. ಒಬ್ಬರು ಸಾಲು ಎತ್ತುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾ ದನಿಗೂಡಿಸುತ್ತಾರೆ. ನಮ್ಮ ಭಜನೆಯ ಹಾಗೇ ಅಲ್ವಾ? ಕೇಳುವವರೂ ಹಾಡುವುದರಿಂದ ಇದಕ್ಕೆ ಬಯಲು ಚೆನ್ನಾಗಿ ಒಗ್ಗುತ್ತದೆ. ಚಿಕಾಗೋದಲ್ಲಂತೂ ನಗರಾಡಳಿತವೇ ಬೇಸಿಗೆಯಲ್ಲಿ ಉಚಿತ ಗಾಸ್ಪೆಲ್ ಉತ್ಸವ ನಡೆಸುತ್ತದೆ.

ಆದರೆ ನನಗೆ ಮೊದಲು ನೆನಪಾಗುವುದು 1969ರ ಹಾರ್ಲೆಮ್ ಕಲ್ಚರಲ್ ಫೆಸ್ಟಿವಲ್. ನ್ಯೂಯಾರ್ಕಿನ ಮೌಂಟ್ ಮಾರಿಸ್ ಪಾರ್ಕಿನಲ್ಲಿ ಆ ಬೇಸಿಗೆಯ ಆರು ಭಾನುವಾರ ನಡೆಯಿತು. ಟಿಕೆಟ್ ಇರಲಿಲ್ಲ. ಒಂದು ಭಾನುವಾರ ಗಾಸ್ಪೆಲ್‌ಗೇ ಮೀಸಲು. ಅವತ್ತು ಹಿರಿಯ ಗಾಯಕಿ ಮಹಾಲಿಯಾ ಜಾಕ್ಸನ್ ಅವರಿಗೆ ಮೈಗೆ ಹುಷಾರಿರಲಿಲ್ಲ. ಹಾಡಲು ಜೊತೆಯಾಗು ಎಂದು ಕಿರಿಯರಾದ ಮೇವಿಸ್ ಸ್ಟೇಪಲ್ಸ್ ಅವರನ್ನು ಕೇಳಿಕೊಂಡರು. ಹಾಡಬೇಕಿದ್ದದ್ದು ‘ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್’. ಅದು ಮಾರ್ಟಿನ್ ಲೂಥರ್ ಕಿಂಗ್ ಅವರ ಅಚ್ಚುಮೆಚ್ಚಿನ ಹಾಡು. ಅವರ ಹತ್ಯೆಯಾಗಿ ಒಂದು ವರ್ಷ ಕಳೆದಿತ್ತಷ್ಟೆ. ಮೇವಿಸ್ ಶುರು ಮಾಡಿದರು, ಆಮೇಲೆ ಮಹಾಲಿಯಾ ಸೇರಿದರು. ಒಂದೇ ಮೈಕು, ಇಬ್ಬರ ದನಿ. ಆ ದೃಶ್ಯ ನೋಡಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ. ಅಂದು ಚಿತ್ರೀಕರಿಸಿದ ರೀಲುಗಳಲ್ಲಿ ಹೆಚ್ಚಿನವು ಸುಮಾರು 50 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2021ರಲ್ಲಿ ‘ಸಮ್ಮರ್ ಆಫ್ ಸೋಲ್’ ಎಂಬ ಸಾಕ್ಷ್ಯಚಿತ್ರವಾಗಿ ಬಂದವು. ಖಂಡಿತ ನೋಡಿ.