ಕೊನೆಯ ಟ್ವಿಸ್ಟ್ ಸೈಕಲಾಜಿಕಲ್ ಥ್ರಿಲ್ಲರ್ ಸಿನಿಮಾವನ್ನು ಕೆಡಿಸುತ್ತದಾ?

ಎಲ್ಲ ಸಲವೂ ಇಲ್ಲ. ಗುಟ್ಟು ಗೊತ್ತಾದ ಮೇಲೂ ಸಿನಿಮಾ ಎರಡನೇ ಸಲ ನೋಡಿಸಿಕೊಂಡು ಹೋಗುತ್ತದಾ ಅನ್ನುವುದಷ್ಟೇ ನಾನು ನೋಡುವುದು.

1999ರ ‘ದಿ ಸಿಕ್ಸ್ತ್ ಸೆನ್ಸ್’ ತಗೊಳ್ಳಿ (ಇನ್ನೂ ನೋಡಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ). ಮಕ್ಕಳ ಮನಶ್ಶಾಸ್ತ್ರಜ್ಞ ಮ್ಯಾಲ್ಕಮ್ ಮದುವೆಯ ವಾರ್ಷಿಕೋತ್ಸವದ ದಿನ ಹೋಟೆಲ್‌ಗೆ ತಡವಾಗಿ ಬರುತ್ತಾನೆ. ಹೆಂಡತಿ ಎದುರಿಗೇ ಕೂತಿದ್ದಾಳೆ, ಒಂದು ಮಾತಿಗೂ ಉತ್ತರ ಕೊಡುವುದಿಲ್ಲ. ಬಿಲ್ ಬರುತ್ತದೆ. ಅವನು ಕೈ ಚಾಚುವಷ್ಟರಲ್ಲಿ ಅವಳು ತನ್ನತ್ತ ಎಳೆದುಕೊಳ್ಳುತ್ತಾಳೆ. ಮೊದಲ ಸಲ ನೋಡಿದಾಗ ಇದು ಗಂಡ ಹೆಂಡತಿ ಮುನಿಸು. ಅವನು ಸತ್ತಿದ್ದಾನೆ ಅಂತ ತಿಳಿದ ಮೇಲೆ ನೋಡಿ: ಒಬ್ಬಳೇ ಊಟಕ್ಕೆ ಬಂದ ವಿಧವೆ. ದೃಶ್ಯದಲ್ಲಿ ಎಲ್ಲೂ ಸುಳ್ಳು ಹೇಳಿಲ್ಲ, ಅಲ್ವಾ?

ಪಾತ್ರದ ಮನಸ್ಸನ್ನು ಎರಡು ಗಂಟೆ ಬಿಡಿಸಿಟ್ಟು, ಕೊನೆಗೆ ‘ಇದೆಲ್ಲ ಬರೀ ಕನಸು’ ಅಂತ ಸುಮ್ನೆ ಕೈ ತೊಳೆದುಕೊಂಡರೆ ಮಾತ್ರ ಸಿಟ್ಟು ಬರುತ್ತದೆ. ಅಷ್ಟು ಹೊತ್ತು ನೋಡಿದ ಭಯ, ಅನುಮಾನ ಎಲ್ಲ ದಂಡ.

ವಿವರಣೆ ಜಾಸ್ತಿ ಆದರೂ ಕಷ್ಟವೇ. 1960ರ ‘ಸೈಕೋ’ದಲ್ಲಿ ಕೊನೆಗೆ ಮನೋವೈದ್ಯನೊಬ್ಬ ಬಂದು ಉದ್ದಕ್ಕೆ ಪಾಠ ಮಾಡುತ್ತಾನೆ. ಆ ಸಿನಿಮಾದಲ್ಲಿ ನನಗೆ ಬೋರ್ ಹೊಡೆಸುವ ಜಾಗ ಅದೊಂದೇ. ಟ್ವಿಸ್ಟ್ ಬಗ್ಗೆ ತಕರಾರಿಲ್ಲ.