ಕೆನಡಾ ಪಿಆರ್ (ಕಾಯಂ ವಾಸದ ಅನುಮತಿ) ಕೈಗೆ ಬಂದಿದೆ, ಹೋಗುವ ಮೊದಲೇ ಮದುವೆ ಇದೆ. ಹೆಂಡತಿಯನ್ನು ಆಮೇಲೆ ಸ್ಪಾನ್ಸರ್ ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿ ಗಾಬರಿಯಾಯಿತು, ಅದಕ್ಕೇ ಕೂಡಲೇ ಬರೆಯುತ್ತಿದ್ದೇನೆ. ಮದುವೆಯಾಗಿಲ್ಲ ಅಂತ ಅರ್ಜಿ ಹಾಕಿದ್ದಿರಿ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ನುರಿತ ಕೆಲಸಗಾರರ ಅರ್ಜಿ ವ್ಯವಸ್ಥೆಯಲ್ಲಿ, ಪಿಆರ್ ಮಂಜೂರಾಗಿ ಅದರ ದೃಢೀಕರಣ ಪತ್ರವಾದ ಸಿಒಪಿಆರ್ ಬಂದಿದೆ. ಮುಂದಿನ ತಿಂಗಳು ಮದುವೆ, ಅದಾಗಿ ಎರಡು ವಾರಕ್ಕೆ ವಿಮಾನ. "ಈಗ ಏನೂ ಹೇಳಬೇಡಿ, ಮೊದಲು ಲ್ಯಾಂಡ್ ಆಗಿ (ಕೆನಡಾಕ್ಕೆ ಹೋಗಿ ಪಿಆರ್ ಆಗುವ ಕೊನೆಯ ಹಂತ ಮುಗಿಸಿ), ಹೆಂಡತಿಯನ್ನು ಆಮೇಲೆ ಕರೆಸಿಕೊಂಡರಾಯಿತು" ಅಂತ ಏಜೆಂಟ್ ಹೇಳಿದ್ದಾರೆ. ದಯವಿಟ್ಟು ಆ ಮಾತು ಕೇಳಬೇಡಿ.

ಕೆನಡಾದ ಇಮಿಗ್ರೇಷನ್ ನಿಯಮಗಳಲ್ಲಿ 117(9)(ಡಿ) ಅಂತ ಒಂದಿದೆ. ನೀವು ಪಿಆರ್ ಆಗುವ ಹೊತ್ತಿಗೆ ಹೆಂಡತಿಯೋ ಮಕ್ಕಳೋ ಇದ್ದು, ಅದನ್ನು ತಿಳಿಸದೆ, ಅವರ ತಪಾಸಣೆ ಆಗದೆ ಹೋದರೆ, ಮುಂದೆ ಕುಟುಂಬದವರನ್ನು ಕರೆಸಿಕೊಳ್ಳುವ ವರ್ಗವಾದ ಫ್ಯಾಮಿಲಿ ಕ್ಲಾಸ್‌ನಲ್ಲಿ ಅವರನ್ನು ಸ್ಪಾನ್ಸರ್ ಮಾಡಲು ಬರುವುದಿಲ್ಲ. ಹತ್ತು ವರ್ಷ ಕಳೆದರೂ ಅಷ್ಟೇ, ನೀವು ಸಿಟಿಜನ್ ಆದರೂ ಅಷ್ಟೇ. ಮಾನವೀಯ ನೆಲೆಯಲ್ಲಿ ವಿನಾಯಿತಿ ಕೇಳಬಹುದು, ಆದರೆ ಕೊಡುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು. ಸಾಲದ್ದಕ್ಕೆ, ವಿಷಯ ಮುಚ್ಚಿಟ್ಟಿದ್ದೀರಿ ಅಂತ ನಿಮ್ಮ ಪಿಆರ್‌ಗೇ ಕುತ್ತು ಬರಬಹುದು. ಹಾಗಾದರೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚಿದಂತೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಇದೇ ತಪ್ಪು ಮಾಡಿದ್ದರು. ಮದುವೆಯಾಗಿ ಹತ್ತು ದಿನಕ್ಕೆ ಲ್ಯಾಂಡ್ ಆದರು, ಯಾರಿಗೂ ಹೇಳಲಿಲ್ಲ. ಮೋಸ ಮಾಡುವ ಉದ್ದೇಶ ಅವರಿಗೆ ಖಂಡಿತ ಇರಲಿಲ್ಲ. ಆಮೇಲೆ ಹೆಂಡತಿಯ ಅರ್ಜಿ ಹಾಕಿದಾಗ ಮದುವೆಯ ತಾರೀಕು, ಲ್ಯಾಂಡಿಂಗ್ ತಾರೀಕು ಎರಡೂ ಒಂದೇ ಫೈಲಿನಲ್ಲಿ ಕಂಡವು. ತಿರಸ್ಕಾರದ ಪತ್ರ ಬಂದ ದಿನ ಅದನ್ನು ಫೋನಿನಲ್ಲಿ ನನಗೆ ತೋರಿಸಿ, "ಹತ್ತೇ ಹತ್ತು ದಿನ" ಅಂದರು. ಆ ಮುಖ ಇನ್ನೂ ನೆನಪಿದೆ.

ನಾನು ಲ್ಯಾಂಡ್ ಆದಾಗ ನನಗೆ ನಿಶ್ಚಿತಾರ್ಥ ಆಗಿತ್ತು, ಮದುವೆ ಆಗಿರಲಿಲ್ಲ. ಟೊರೊಂಟೊ ಏರ್‌ಪೋರ್ಟಿನ ಕೌಂಟರಿನಲ್ಲಿ ಅಧಿಕಾರಿ ಪೇಪರ್ ತಿರುಗಿಸಿ, ಮದುವೆಯಾಗಿದೆಯಾ, ಇದರಲ್ಲಿ ಇಲ್ಲದ ಕುಟುಂಬದವರು ಯಾರಾದರೂ ಇದ್ದಾರಾ ಅಂತ ಕೇಳಿದರು. ಇಲ್ಲ ಅಂದೆ. ಅದರ ಕೆಳಗೇ ಸಹಿ ಹಾಕಿಸಿಕೊಂಡರು. ಒಂದು ನಿಮಿಷದ ಕೆಲಸ. ಆದರೆ ನಾಳೆ ನಿಮ್ಮ ಫೈಲ್ ತೆಗೆದು ನೋಡುವವರಿಗೆ ಆ ಸಹಿ ದೊಡ್ಡದು. ಆನ್‌ಲೈನ್ ಪೋರ್ಟಲಿನಲ್ಲಿ ಲ್ಯಾಂಡ್ ಆದರೂ ನಿಜ ಹೇಳುವ ಹೊಣೆ ನಿಮ್ಮದೇ.

ಇನ್ನೊಂದು ಮಾತು. "ಮದುವೆ ರಿಜಿಸ್ಟರ್ ಮಾಡಿಸದಿದ್ದರೆ ಲೆಕ್ಕಕ್ಕೆ ಬರಲ್ಲ ಅಲ್ವಾ?" ಅಂತ ಕೇಳಿದ್ದೀರಿ. ಬರುತ್ತದೆ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಶಾಸ್ತ್ರೋಕ್ತವಾಗಿ ಆದ ಮದುವೆ ನೋಂದಣಿ ಇಲ್ಲದಿದ್ದರೂ ಮದುವೆಯೇ. ಹಾಗೆಯೇ ವೀಸಾಗೆ ಅನುಕೂಲ ಅಂತ ಮೊದಲೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿಬಿಟ್ಟರೆ, ಸಮಾರಂಭ ಆಗದಿದ್ದರೂ ಕೆನಡಾದವರು ನಿಮ್ಮನ್ನು ಮದುವೆಯಾದವರು ಅಂತಲೇ ಎಣಿಸಬಹುದು. ಬರೀ ನಿಶ್ಚಿತಾರ್ಥ ಆಗಿದ್ದರೆ ತೊಂದರೆಯಿಲ್ಲ.

ಈಗ ನಿಮ್ಮ ಮುಂದೆ ಎರಡು ದಾರಿ ಇವೆ. ನಾನು ಹಿಡಿದದ್ದು ಮೊದಲನೆಯದು. ಮದುವೆಗೆ ಮುಂಚೆಯೇ ಹೋಗಿ ಲ್ಯಾಂಡ್ ಆಗಿ, ಆಮೇಲೆ ವಾಪಸ್ ಬಂದು ಮದುವೆಯಾಗುವುದು. ಟಿಕೆಟ್ ಖರ್ಚು ಜಾಸ್ತಿ, ಓಡಾಟವೂ ಜಾಸ್ತಿ. ಪಿಆರ್ ಕಾರ್ಡ್ ಕೆನಡಾದ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ, ಅದಕ್ಕೆ ವಾರಗಳು ಹಿಡಿಯುತ್ತವೆ. ಕಾರ್ಡ್ ಇಲ್ಲದೆ ಹೊರಟು ಬಂದರೆ, ವಾಪಸ್ ವಿಮಾನ ಹತ್ತಲು ಟ್ರಾವೆಲ್ ಡಾಕ್ಯುಮೆಂಟಿಗೆ ಬೇರೆ ಅರ್ಜಿ ಹಾಕಬೇಕು. ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತೇನೆ.

ಅದು ಆಗದಿದ್ದರೆ ಮದುವೆಯಾಗಿ, ವಿಮಾನ ಹತ್ತದೆ, ಮೊದಲು ಕೆನಡಾದ ವಲಸೆ ಇಲಾಖೆಯಾದ ಐಆರ್‌ಸಿಸಿಯ ವೆಬ್‌ಫಾರ್ಮಿನಲ್ಲಿ ತಿಳಿಸಿ. ಹೆಂಡತಿ ಜೊತೆಗೆ ಬರದಿದ್ದರೂ ಅವರ ಹೆಸರು ಸೇರಿಸಬೇಕು, ಮೆಡಿಕಲ್ ಮತ್ತು ಪೊಲೀಸ್ ಸರ್ಟಿಫಿಕೇಟ್ ಕೊಡಬೇಕು. ಸೆಟ್ಲ್‌ಮೆಂಟ್ ಫಂಡ್ (ಅಲ್ಲಿ ನೆಲೆಸಲು ಕೈಯಲ್ಲಿರಬೇಕಾದ ಹಣ) ತೋರಿಸಬೇಕಾದ ವರ್ಗದಲ್ಲಿದ್ದರೆ ಆ ಹಣದ ಲೆಕ್ಕವೂ ಇಬ್ಬರಿಗೆ. ತಡವಾಗುತ್ತದೆ, ಆದರೆ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿ ಉಳಿಯುತ್ತದೆ.

ಮೊದಲ ದಾರಿ ಹಿಡಿದರೆ ಸ್ಪಾನ್ಸರ್ ಮಾಡುವಾಗ ನೀವು ಕೆನಡಾದಲ್ಲೇ ವಾಸ ಇರಬೇಕು. ಸಿಟಿಜನ್‌ಗಳು ಹೊರಗಿನಿಂದಲೂ ಅರ್ಜಿ ಹಾಕಬಹುದು, ಪಿಆರ್‌ಗಳಿಗೆ ಅದು ಇಲ್ಲ. ಹೆಂಡತಿಗೆ ಸಾಮಾನ್ಯವಾಗಿ ಕನಿಷ್ಠ ಆದಾಯದ ಷರತ್ತಿಲ್ಲ. ಆದರೆ ಮೂರು ವರ್ಷ ಅವರ ಖರ್ಚು ನೋಡಿಕೊಳ್ಳುತ್ತೇನೆ ಅಂತ ಬರೆದು ಕೊಡುತ್ತೀರಿ. ಮಧ್ಯೆ ಸಂಬಂಧ ಮುರಿದರೂ ಆ ಮಾತು ಮುರಿಯುವುದಿಲ್ಲ.

ನನ್ನ ಗಂಡನನ್ನು ಸ್ಪಾನ್ಸರ್ ಮಾಡುವಾಗ ನಮಗೆ ಜಾಸ್ತಿ ಹೊತ್ತು ಹಿಡಿದದ್ದು ಐಎಂಎಂ 5532 ಅನ್ನುವ, ಸಂಬಂಧದ ವಿವರ ಕೇಳುವ ಫಾರ್ಮ್. ಎಲ್ಲಿ ಭೇಟಿಯಾದಿರಿ, ಯಾರು ಪರಿಚಯ ಮಾಡಿಸಿದರು, ಮದುವೆಗೆ ಯಾರೆಲ್ಲ ಬಂದಿದ್ದರು, ಎಲ್ಲ ಬರೆಯಬೇಕು. ಮನೆಯವರು ನೋಡಿ ಮಾಡಿದ ಮದುವೆ ಅಂದರೆ ಹಾಗೇ ಬರೆಯಿರಿ, ಸುಮ್ನೆ ಪ್ರೇಮಕಥೆ ಕಟ್ಟಬೇಡಿ. ಹೆಸರೂ ನೋಡಿಕೊಳ್ಳಿ. ನನ್ನ ಗಂಡನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ ಜೊತೆಗಿಟ್ಟೆವು.

ಅಪ್ಪ ಅಮ್ಮ, ತಮ್ಮನ ಬಗ್ಗೆಯೂ ಕೇಳಿದ್ದೀರಿ. ತಮ್ಮನನ್ನು ಹೀಗೆ ಕರೆಸಲು ಆಗುವುದಿಲ್ಲ, ಅವರು ತಮ್ಮ ಅರ್ಹತೆಯ ಮೇಲೆ ತಾವೇ ಅರ್ಜಿ ಹಾಕಲಿ. ಅಪ್ಪ ಅಮ್ಮನ ಸ್ಪಾನ್ಸರ್‌ಶಿಪ್‌ಗೆ ಮೂರು ವರ್ಷದ ಆದಾಯ ತೋರಿಸಬೇಕು, ಕ್ವಿಬೆಕ್ ಬಿಟ್ಟು ಉಳಿದೆಡೆ 20 ವರ್ಷದ ಹೊಣೆ. ಅದೂ 2020ರಲ್ಲಿ ಹೆಸರು ಕೊಟ್ಟವರಿಂದಲೇ ವರ್ಷಗಟ್ಟಲೆ ಆಯ್ಕೆ ಮಾಡುತ್ತಾ ಬಂದರು. ಅದಕ್ಕೆ ಕಾದು ಕೂರಬೇಡಿ, ಅಪ್ಪ ಅಮ್ಮ ಬಂದು ಹೆಚ್ಚು ಕಾಲ ಇರಲು ಕೊಡುವ ಸೂಪರ್ ವೀಸಾ ನೋಡಿ. ಒಂದು ಸಲ ಬಂದರೆ ಐದು ವರ್ಷದವರೆಗೆ ಜೊತೆಗಿರಬಹುದು. ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ನನ್ನ ಅಮ್ಮ ಈಗ ಇಲ್ಲಿರುವುದು ಅದರಲ್ಲೇ.