ಹದಿನಾರು ಗ್ರಾಂ

ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ಒಪ್ಪುವಾಗ ಹಾಕಿದ ಷರತ್ತು ಒಂದೇ: “ಒಳ್ಳೆಯವನಾದ ಎಂದು ಮಾತ್ರ ಬರೆಯಬೇಡಿ ಮೇಡಂ.”

ಅವನನ್ನು ಮಂಜು ಎನ್ನೋಣ. ವಯಸ್ಸು 24. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದವನು. ತಂದೆ ಇಲ್ಲ. ತಾಯಿ ಕೊಬ್ಬರಿ ಸುಲಿಯುವ ಕೂಲಿಗೆ ಹೋಗುತ್ತಾರೆ. ಅಕ್ಕ ಒಬ್ಬಳು, ಅದೇ ಊರಿನಲ್ಲಿ ಮದುವೆಯಾಗಿದ್ದಾಳೆ. ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಮೊದಲ ದಿನ ಕುರ್ಚಿಯ ತುದಿಯಲ್ಲಿ ಕುಳಿತು, ನಾನು ಕೇಳುವ ಮೊದಲೇ ಹೇಳಿದ: “ಮೂರು ವರ್ಷದಿಂದ ಒಂದು ತೊಟ್ಟು ಮುಟ್ಟಿಲ್ಲ. ಐಟಿಐ ಮುಗಿಸಿದೆ. ಆದರೂ ಅಮ್ಮ ಬೀರುವಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗುತ್ತಾಳೆ. ಇನ್ನೆಷ್ಟು ವರ್ಷ ಬೇಕು ಇವರಿಗೆ?”

ನಾನು ಮೂರು ವರ್ಷ ದೊಡ್ಡ ಸಾಧನೆ ಎಂದೆ. ಅವನ ಮುಖ ಇನ್ನಷ್ಟು ಬಿಗಿಯಿತು. ತಪ್ಪು ನನ್ನದೇ. ಅವನು ಬೆನ್ನು ತಟ್ಟಿಸಿಕೊಳ್ಳಲು ಬಂದಿರಲಿಲ್ಲ, ನ್ಯಾಯ ಕೇಳಲು ಬಂದಿದ್ದ.

ಕತೆ ಬಿಡಿಬಿಡಿಯಾಗಿ ಬಂತು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ದಾಟಿ, ಪಿಯುಸಿಯನ್ನು ಅರ್ಧಕ್ಕೆ ಬಿಟ್ಟ. ಬಸ್ ನಿಲ್ದಾಣದ ಹಿಂದಿನ ಗೆಳೆಯರು, ಸಂಜೆಯ ಕುಡಿತ. 17ನೇ ವಯಸ್ಸಿನಲ್ಲಿ ಮೂವರು ಸೇರಿ ಬೈಕ್ ಕದ್ದು ಸಿಕ್ಕಿಬಿದ್ದರು. ಕೆಲವು ದಿನ, ಕಾನೂನಿಗೆ ಸಿಕ್ಕಿಬಿದ್ದ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿದ್ದ. ಬಾಲ ನ್ಯಾಯ ಮಂಡಳಿ ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳುಹಿಸಿತು. ಅದಾದ ಮೇಲೆ ಸರಿಹೋಗಲಿಲ್ಲ, ಇನ್ನೂ ಕೆಟ್ಟ. ಅಕ್ಕನ ಮದುವೆಗೆಂದು ತಾಯಿ ವರ್ಷಗಟ್ಟಲೆ ಚೀಟಿ ಕಟ್ಟಿ ಮಾಡಿಸಿಟ್ಟಿದ್ದ 16 ಗ್ರಾಂ ಚಿನ್ನದ ಸರವನ್ನು ಬೀರುವಿನಿಂದ ಎತ್ತಿ ಗಿರವಿ ಅಂಗಡಿಗೆ ಹಾಕಿದ. 32 ಸಾವಿರ ರೂಪಾಯಿ ಕೈಗೆ ಬಂತು. ಅದು ಎಷ್ಟು ದಿನಕ್ಕೆ ಕರಗಿತು ಎಂಬುದೂ ಅವನಿಗೆ ನೆನಪಿಲ್ಲ. ಸರ ಮರಳಿ ಬರಲಿಲ್ಲ. ಮನೆಯವರು ಪೊಲೀಸರಿಗೆ ದೂರು ಕೊಡಲಿಲ್ಲ, ಮಾನದ ಪ್ರಶ್ನೆ. ಅಕ್ಕ ಬರಿಗೊರಳಿನಲ್ಲೇ ಹಸೆಮಣೆ ಏರಿದಳು. ಭಾವ ಇವನನ್ನು ಇಂದಿಗೂ ಹೊಸ್ತಿಲು ದಾಟಲು ಬಿಡುವುದಿಲ್ಲ.

ಕುಡಿತ ಬಿಟ್ಟದ್ದೂ ನೇರ ದಾರಿಯಲ್ಲಲ್ಲ. ಎರಡು ವರ್ಷ ಅಯ್ಯಪ್ಪನ ಮಾಲೆ ಹಾಕಿದ. ಮಾಲೆ ಇರುವಷ್ಟು ದಿನ ಶುದ್ಧ, ಮಾಲೆ ತೆಗೆದ ರಾತ್ರಿಯೇ ಬಾಟಲಿ. ಮೂರನೆಯ ಸಲ ಹಾಕುವ ಹೊತ್ತಿಗೆ ಬೆಳಿಗ್ಗೆಯೂ ಕುಡಿಯುವ ಹಂತಕ್ಕೆ ಬಂದಿದ್ದ. ಏಕಾಏಕಿ ನಿಲ್ಲಿಸಿದ ಎರಡನೆಯ ದಿನ ಮನೆಯ ಅಂಗಳದಲ್ಲಿ ಫಿಟ್ಸ್ ಬಂದು ಬಿದ್ದ. ಇದನ್ನು ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಕೈನಡುಕ, ಫಿಟ್ಸ್ ಬರಬಹುದು. ಅದರ ಮುಂದಿನ ದಿನಗಳಲ್ಲಿ ಭ್ರಮೆ, ದಿಕ್ಕುತಪ್ಪಿದ ಮಾತು ಕಾಣಿಸಿಕೊಳ್ಳಬಹುದು. ಕೆಲವೊಮ್ಮೆ ಪ್ರಾಣಕ್ಕೇ ಕುತ್ತು. ಇದು ದೇವರ ಸಿಟ್ಟೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ವೈದ್ಯರ ನಿಗಾದಲ್ಲಿ ಔಷಧಿ ಮತ್ತು ಬಿ1 ಜೀವಸತ್ವದೊಂದಿಗೆ ಬಿಡಿಸಬೇಕಾದ ಸ್ಥಿತಿ. ಮಾಲೆ ಹಾಕಬೇಡಿ ಎನ್ನುವುದಿಲ್ಲ, ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ ಎನ್ನುತ್ತೇನೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಮಂಜು ಬದುಕಿದ್ದು, ಕುಡಿತ ಬಿಟ್ಟಿದ್ದು ಅಂಥ ಒಬ್ಬ ವೈದ್ಯರ ಕೈಯಲ್ಲಿ.

ಎರಡನೆಯ ಭೇಟಿಗೆ ಬಂದಾಗ ಬೇರೊಂದು ಗಾಬರಿ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಸಿಗುವುದರಲ್ಲಿತ್ತು. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ತರಲು ಹೇಳಿದ್ದರು. ಸೇವಾ ಸಿಂಧುವಿನಲ್ಲಿ ಅರ್ಜಿ ತುಂಬುತ್ತಾ ಅರ್ಧಕ್ಕೆ ನಿಲ್ಲಿಸಿದ್ದ. “ಹಳೆಯ ಕೇಸು ಅದರಲ್ಲಿ ಬಂದೇ ಬರುತ್ತದಂತೆ, ಜೀವನಪೂರ್ತಿ ಅಳಿಸುವುದಿಲ್ಲವಂತೆ” ಎಂದು ಟೀ ಅಂಗಡಿಯಲ್ಲಿ ಯಾರೋ ಹೇಳಿದ್ದರು. ಆ ಟೀ ಅಂಗಡಿಯ ಕಾನೂನು ಪಂಡಿತರಿಂದ ಎಷ್ಟು ಹುಡುಗರ ಕೆಲಸ ಕೈತಪ್ಪಿದೆಯೋ!

ಕಾಯ್ದೆ ಹೇಳುವುದು ಬೇರೆ. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, 18 ತುಂಬುವ ಮೊದಲು ಮಾಡಿದ ತಪ್ಪಿಗೆ ಆ ಕಾಯ್ದೆಯಡಿ ಕ್ರಮ ಎದುರಿಸಿದವನಿಗೆ ಅದರಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ. 74ನೇ ಕಲಮು ಇನ್ನೂ ನೇರ: ಮುಗಿದುಹೋದ ಪ್ರಕರಣದಲ್ಲಿ, ನಡತೆ ಪ್ರಮಾಣಪತ್ರಕ್ಕಾಗಿಯೂ ಪೊಲೀಸರು ಮಗುವಿನ ದಾಖಲೆಯನ್ನು ಹೊರಗೆಡಹುವಂತಿಲ್ಲ. ಇದಕ್ಕೂ ಹೊರತಾದವರಿದ್ದಾರೆ. 16 ದಾಟಿದ ಮೇಲೆ ಘೋರ ಅಪರಾಧ ಎಸಗಿ ವಯಸ್ಕರಂತೆ ವಿಚಾರಣೆಗೆ ಒಳಗಾಗಿ ತಪ್ಪಿತಸ್ಥರೆಂದು ಸಾಬೀತಾದವರಿಗೆ 24ನೇ ಕಲಮಿನ ರಕ್ಷಣೆ ಇಲ್ಲ. 18ರ ನಂತರದ ಪ್ರಕರಣಗಳ ದಾರಿಯೇ ಬೇರೆ. ಮಂಜುವಿನ ಬೈಕ್ ಕಳ್ಳತನ ಈ ಎರಡಕ್ಕೂ ಸೇರುವುದಿಲ್ಲ. ಆದರೂ ನಾನು ವಕೀಲೆಯಲ್ಲ. ಕಾರ್ಖಾನೆಯ ಅರ್ಜಿಯ ಪ್ರತಿಯೊಂದು ಪ್ರಶ್ನೆಗೂ ಏನು ಬರೆಯಬೇಕು ಎಂಬುದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತೋರಿಸಿ ತುಂಬು ಎಂದೆ. ಅವರ ಸಹಾಯವಾಣಿ 15100. ಒಂದು ಬುಧವಾರ ಹೋಗಿಬಂದ. ಪ್ರಮಾಣಪತ್ರ ಬಂತು, ಕೆಲಸವೂ ಸಿಕ್ಕಿತು.

ಸರ್ಕಾರ ಅವನ ಹಳೆಯದನ್ನು ಮರೆಯಲು ಒಪ್ಪಿತು. ಮನೆ ಒಪ್ಪಿರಲಿಲ್ಲ. ಮನೆಗೆ ಅಂಥ ಕಾಯ್ದೆ ಇಲ್ಲವಲ್ಲ.

ಮೂರನೆಯ ಭೇಟಿಯಲ್ಲಿ ಲೆಕ್ಕದ ಮಾತು ಬಂತು. ಅವನು ಜೇಬಿನಿಂದ ಮಡಿಚಿದ ಹಾಳೆ ತೆಗೆದ. ಅದರಲ್ಲಿ “ಅಕ್ಕನಿಗೆ 32,000” ಎಂದಿತ್ತು. ತಿಂಗಳಿಗೆ ಎರಡು ಸಾವಿರದಂತೆ 16 ತಿಂಗಳು, ಕೆಳಗೆ ಎರಡು ಗೆರೆ ಎಳೆದು ಮುಗಿಸಿದ್ದ. ಕೊನೆಯ ತಿಂಗಳ ಎದುರು “ಮುಗಿಯಿತು” ಎಂದೂ ಬರೆದಿದ್ದ.

“ಈ 32 ಸಾವಿರ ಎಲ್ಲಿಂದ ಬಂತು?” ಎಂದು ಕೇಳಿದೆ.

“ಅಂಗಡಿಯವನು ಕೊಟ್ಟದ್ದು ಅಷ್ಟೇ.”

“ಅದು ನಿನಗೆ ಬಂದ ದುಡ್ಡು. ಅಕ್ಕ ಕಳೆದುಕೊಂಡದ್ದೆಷ್ಟು?”

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮೊಬೈಲ್ ತೆಗೆದು ಆ ದಿನದ ಚಿನ್ನದ ದರ ನೋಡಿ, 16ರಿಂದ ಗುಣಿಸಿ, ಪರದೆಯನ್ನು ಮೇಜಿನ ಮೇಲೆ ಬೋರಲು ಹಾಕಿದ. “ಇದನ್ನು ತೀರಿಸಲು ನನ್ನಿಂದ ಆಗುವುದಿಲ್ಲ ಮೇಡಂ” ಎಂದ. ಆ ದಿನ ಅವನಿಗೆ ಹೇಳಿದ್ದು ಇಷ್ಟೇ: ಸಾಲವನ್ನು ರೂಪಾಯಿಯಲ್ಲಿ ಬರೆಯಬೇಡ, ಗ್ರಾಂನಲ್ಲಿ ಬರೆ. ಎಷ್ಟು ವರ್ಷವಾದರೂ ಆಗಲಿ. ಕೊಡುವಾಗ ಕ್ಷಮೆ ಕೇಳಬೇಡ, ಭಾವನ ಮನೆಯೊಳಗೆ ಕರೆಯಿಸಿಕೊಳ್ಳಲು ಕಾಯಬೇಡ. ಬಾಗಿಲಲ್ಲಿ ಕೊಟ್ಟು ಬಾ. ಮೂರು ವರ್ಷ ಕುಡಿಯಲಿಲ್ಲ ಎಂಬುದು ನಿನ್ನ ಆರೋಗ್ಯದ ಲೆಕ್ಕ. ಅದನ್ನು ಅವಳ ಖಾತೆಗೆ ಜಮಾ ಮಾಡಬೇಡ.

ಕಟುವಾಗಿ ಹೇಳಿದೆನೇನೋ. ಮುಂದಿನ ಭೇಟಿಗೆ ಬರಲಿಲ್ಲ. ಫೋನನ್ನೂ ಎತ್ತಲಿಲ್ಲ. ಇಂಥ ಹೊತ್ತಿನಲ್ಲಿ ಮತ್ತೆ ಕುಡಿತಕ್ಕೆ ಜಾರಿರಬಹುದೇ ಎಂಬ ಅಳುಕು ನಮಗೂ ಇರುತ್ತದೆ. ಬದಲಿಗೆ ತಾಯಿ ಬಂದರು. ಉಗುರಿನ ಸಂದಿಯಲ್ಲಿ ಕೊಬ್ಬರಿಯ ಕಪ್ಪು ಸಿಪ್ಪೆ. ಸೊಂಟದಲ್ಲಿ ಕೀಲಿ.

“ಮಗ ಕಳುಹಿಸಿದ. ಕೀಲಿ ವಿಷಯ ನೀವೇ ಕೇಳುತ್ತೀರಂತೆ” ಎಂದರು. ನಾನು ಕೇಳಿದೆ. “ಮೊದಲು ಅವನಿಗೆ ಹೆದರಿಯೇ ಸಿಕ್ಕಿಸಿಕೊಂಡೆ ತಾಯಿ, ಸುಳ್ಳೇಕೆ ಹೇಳಲಿ. ಈಗ ಯಾಕೆ ಅಂತ ನನಗೂ ಗೊತ್ತಿಲ್ಲ. ಬೀರುವಿನಲ್ಲಿ ರೇಷನ್ ಕಾರ್ಡು, ಎರಡು ಸೀರೆ ಬಿಟ್ಟರೆ ಏನಿದೆ? ತೆಗೆದಿಟ್ಟರೆ ನಿದ್ದೆ ಬರುವುದಿಲ್ಲ.” ಕೀಲಿ ಬಿಚ್ಚಿಡಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಬಿಚ್ಚಿಡುತ್ತಿದ್ದರು, ನಿದ್ದೆ ಕೆಡುತ್ತಿತ್ತು, ಮಂಜುವಿಗೆ ಗೆದ್ದಂತಾಗುತ್ತಿತ್ತು. ಅದರಿಂದ ಯಾರಿಗೂ ಉಪಯೋಗವಿರಲಿಲ್ಲ.

ಮಂಜು ಆರು ವಾರ ಬಿಟ್ಟು ಬಂದ. ತಾಯಿ ಹೇಳಿದ್ದನ್ನು ಅವರ ಒಪ್ಪಿಗೆಯಿಂದ ಅವನಿಗೆ ತಿಳಿಸಿದೆ. ಕೀಲಿಯನ್ನು ದಿನವೂ ನೋಡಿ ತೂಗುವ ಕೆಲಸ ಬಿಡು ಎಂದೆ. ಅದು ನಿನ್ನ ಅಂಕಪಟ್ಟಿಯಲ್ಲ, ಅವರಿಗೆ ಆದ ಗಾಯಕ್ಕೆ ಅವರೇ ಕಟ್ಟಿಕೊಂಡ ಬಟ್ಟೆ. ಅದನ್ನು ಯಾವಾಗ ಬಿಚ್ಚಬೇಕೆಂದು ಅವರೇ ತೀರ್ಮಾನಿಸಬೇಕು.

ಉಳಿದ ಸಲಹೆಗಳೆಲ್ಲ ಸಣ್ಣಪುಟ್ಟವು. ಸಂಜೆ ಏಳರಿಂದ ಒಂಬತ್ತರವರೆಗಿನ ಹೊತ್ತು ಅವನಿಗೆ ಅಪಾಯದ ಹೊತ್ತು. ಆ ಹೊತ್ತಿಗೆ ಮನೆಗಳ ವೈರಿಂಗ್ ದುರಸ್ತಿ ಒಪ್ಪಿಕೊಂಡ. ಬಸ್ ನಿಲ್ದಾಣದ ಹಿಂದಿನ ದಾರಿ ಬಿಟ್ಟು ಸಂತೆ ಬೀದಿಯಿಂದ ಬರುತ್ತಾನೆ, ಅರ್ಧ ಕಿಲೋಮೀಟರ್ ಸುತ್ತು. ಹಳೆಯ ಗೆಳೆಯರನ್ನು ಬೈದು ದೂರ ಮಾಡಬೇಡ, ಕೆಲಸವಿದೆ ಎನ್ನು ಎಂದೆ. ಕೆಲಸವಿರುವುದು ನಿಜವೂ ಆಗಿತ್ತು. ಗಣಪತಿ ವಿಸರ್ಜನೆಯ ರಾತ್ರಿ ಏನು ಮಾಡುವುದೆಂದು ಒಂದು ತಿಂಗಳು ಮೊದಲೇ ಕುಳಿತು ಮಾತಾಡಿದೆವು. ಆ ರಾತ್ರಿಪಾಳಿ ಕೇಳಿ ಹಾಕಿಸಿಕೊಂಡ. ಕುಡಿಯಬೇಕೆಂಬ ಆಸೆ ಉಕ್ಕಿದ ರಾತ್ರಿ ನನ್ನ ಫೋನ್ ಸಿಗದಿದ್ದರೆ ಎಂದು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416 ಬರೆಸಿದೆ. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಒಂದು ಸಲ ಬಳಸಿದ್ದಾನೆ, ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಳೆದ ತಿಂಗಳು ಬಂದಾಗ ಬೆರಳಿಗೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡಿದ್ದ. ಮೊದಲ ಒಂದು ಗ್ರಾಂ ಚಿನ್ನದ ನಾಣ್ಯ ಕೊಂಡಿದ್ದನಂತೆ. ಭಾವನ ಮನೆಯ ಬಾಗಿಲಿಗೆ ಹೋಗುವ ಧೈರ್ಯ ಸಾಲದೆ, ಅಕ್ಕ ತವರಿಗೆ ಬಂದ ಭಾನುವಾರ ಕೈಗಿಟ್ಟನಂತೆ. ಅಕ್ಕ ಬಿಲ್ಲು ಕೇಳಿದಳು, ಓದಿದಳು, ಒಂದು ಮಾತೂ ಆಡದೆ ನಾಣ್ಯವನ್ನು ತಾಯಿಗೆ ಕೊಟ್ಟಳು. ತಾಯಿ ಸೊಂಟದಿಂದ ಕೀಲಿ ತೆಗೆದು, ಬೀರುವಿನಲ್ಲಿಟ್ಟು, ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಕೀಲಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅದನ್ನು ಹೇಳುವಾಗ ಮಂಜು ನಗುತ್ತಿದ್ದ. “ಇನ್ನು ಹದಿನೈದು” ಎಂದ.